ಮಸುಕಾದದ್ದು ನಾಯಕಿಯಲ್ಲ, ಕ್ಯಾಮೆರಾವೂ ಅಲ್ಲ!

ಟಾಕೀಸಿನಲ್ಲಿ ಇಂಟರ್‌ವಲ್ ಹೊತ್ತಿಗೆ 'ಧೂಮಪಾನ ಮಾಡಬಾರದು' ಅಂತ ಪರದೆಯ ಮೇಲೆ ಸ್ಲೈಡು ಬೀಳುತ್ತಿದ್ದ ಕಾಲ ನೆನಪಿದೆಯೇ? ಆ ಗಾಜಿನ ಸ್ಲೈಡಿಗೆ ಒಬ್ಬ ತಮ್ಮನಿದ್ದ. ಎರಡಂಗುಲ ಚೌಕದ ರಟ್ಟಿನ ಚೌಕಟ್ಟು, ನಡುವೆ ಬರೇ 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲದ ಬಣ್ಣದ ಫಿಲಂ. ಸಿನಿಮಾ ಪತ್ರಿಕೆಗಳ ಎಷ್ಟೋ ಮುಖಪುಟಗಳು ಇಂಥ ಟ್ರಾನ್ಸ್‌ಪರೆನ್ಸಿಯಿಂದಲೇ ಅಚ್ಚಾದವು.

ಅಂಥ ಸ್ಲೈಡು ತುಂಬಿದ ಒಂದು ಬಿಸ್ಕತ್ ಡಬ್ಬ ಕಳೆದ ತಿಂಗಳು ನನ್ನ ಕೈಗೆ ಬಂತು. ಕೊಟ್ಟವರು ಒಂದು ಕಾಲಕ್ಕೆ ಸ್ಟಿಲ್ ಫೋಟೋಗ್ರಾಫರ್. ವಯಸ್ಸು ಎಂಬತ್ತು ದಾಟಿದೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ. "ಕಂಪ್ಯೂಟರಿಗೆ ಹಾಕ್ಕೊಡಪ್ಪಾ, ಮೊಮ್ಮಕ್ಕಳು ನೋಡ್ಲಿ" ಅಂದರು. ನನಗೇನು! ಪಿಯುಸಿ ಅರ್ಧಕ್ಕೆ ಬಿಟ್ಟವನಾದರೂ ಸ್ಕ್ಯಾನರ್ ಗುಂಡಿ ಒತ್ತೋಕೆ ಬರಲ್ವೇ?

ಒತ್ತಿದೆ. ಪ್ರಿಂಟ್ ಹಾಕಿಸಿಕೊಂಡು ಹೋಗಿ ತೋರಿಸಿದೆ. ನಾಯಕಿಯ ಮುಖ (ಯಾರು ಅಂತ ಕೇಳಬೇಡಿ!) ಹಬೆ ಹಿಡಿದ ಕನ್ನಡಿಯಲ್ಲಿ ಕಂಡ ಹಾಗಿತ್ತು. ಯಜಮಾನರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನನ್ನ ಫೋಕಸ್ಸೇ ತಪ್ಪಿತ್ತು ಅನ್ಸತ್ತೆ. ಆಗ ಯಾರೂ ಹೇಳ್ಲೇ ಇಲ್ಲ ನೋಡು" ಅಂದು ಪ್ರಿಂಟನ್ನು ಬೋರಲು ಹಾಕಿ ಇಟ್ಟುಬಿಟ್ಟರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಅದೇ ಸ್ಲೈಡನ್ನು ಬಲ್ಬಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಅಬ್ಬಾ! ರೆಪ್ಪೆಯ ಕೂದಲು ಒಂದೊಂದೂ ಎಣಿಸಬಹುದಿತ್ತು!

ಕಳ್ಳ ನನ್ನ ಮನೆಯಲ್ಲೇ!

ಫ್ಲಾಟ್‌ಬೆಡ್ ಸ್ಕ್ಯಾನರಿನ ಹೊಟ್ಟೆಯಲ್ಲೂ ಒಂದು ಲೆನ್ಸ್ ಇದೆ ಸ್ವಾಮಿ. ಕ್ಯಾಮೆರಾದ ಹಾಗೆ ಅದನ್ನು ತಿರುಗಿಸಿ ಫೋಕಸ್ ಮಾಡುವಂತಿಲ್ಲ. ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಕೂರಿಸಿ ಕಳಿಸಿಬಿಡುತ್ತಾರೆ. ಕಾಗದವಾದರೆ ಗಾಜಿಗೆ ಅಂಟಿಕೊಂಡೇ ಇರುತ್ತೆ. ಸ್ಲೈಡು ಹಾಗಲ್ಲ, ಹೋಲ್ಡರಿನಲ್ಲಿ, ರಟ್ಟಿನ ನಡುವೆ, ಗಾಜಿನಿಂದ ಕೆಲವು ಮಿಲಿಮೀಟರ್ ಮೇಲೆ ತೂಗುತ್ತಿರುತ್ತೆ. ಲೆನ್ಸ್ ನೋಡುವುದು ಒಂದು ಎತ್ತರ, ಫಿಲಂ ಇರುವುದು ಇನ್ನೊಂದು ಎತ್ತರ. ಅರ್ಧ ಮಿಲಿಮೀಟರ್ ಏರುಪೇರಾದರೂ ಸಾಕು, ರೆಪ್ಪೆ ಮಾಯ! ಎಪ್ಸನ್ ವಿ 850ರಂಥ ದುಬಾರಿ ಯಂತ್ರದಲ್ಲಿ ಹೋಲ್ಡರಿನ ಎತ್ತರ ಬದಲಿಸಿಕೊಳ್ಳಬಹುದು. ನನ್ನದು ಅಷ್ಟು ದೊಡ್ಡ ಮನುಷ್ಯರ ಸ್ಕ್ಯಾನರ್ ಅಲ್ಲ.

ನಾನು ಮಾಡಿದ್ದಿಷ್ಟೇ. ಮನೆಯಲ್ಲಿದ್ದ ಒಂದು ಲಗ್ನಪತ್ರಿಕೆಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿದೆ. ಮೊದಲು ಸ್ಲೈಡನ್ನು ಗಾಜಿನ ಮೇಲೇ ಇಟ್ಟು ಒಂದು ಸ್ಕ್ಯಾನ್. ಆಮೇಲೆ ಹೋಲ್ಡರಿನಲ್ಲಿ ಒಂದು. ಆಮೇಲೆ ಹೋಲ್ಡರಿನ ನಾಲ್ಕು ಮೂಲೆಗೂ ಒಂದೊಂದು ಪಟ್ಟಿ, ಎರಡೆರಡು, ಮೂರು ಮೂರು... ಇಡೀ ಚಿತ್ರ ಬೇಡ, ಕಣ್ಣಿನ ಭಾಗ ಮಾತ್ರ ಸಾಕು. ಪ್ರತಿಯೊಂದಕ್ಕೂ ಎಷ್ಟು ಪಟ್ಟಿ ಅಂತ ಹೆಸರು ಕೊಟ್ಟು, ಕೊನೆಗೆ ಎಲ್ಲಾ ಪಕ್ಕಪಕ್ಕ ಇಟ್ಟು ನೋಡಿದೆ. ಮೂರು ಪಟ್ಟಿಯಲ್ಲಿ ಕಣ್ಣು ತೆರೆದುಕೊಂಡಿತು! ನಿಮ್ಮ ಯಂತ್ರಕ್ಕೆ ಎರಡಾಗಬಹುದು, ಸೊನ್ನೆಯೂ ಆಗಬಹುದು. ಲೆಕ್ಕ ಒಂದೊಂದಕ್ಕೂ ಬೇರೆ.

ಆದರೂ ಅಂಚಿನಲ್ಲಿ ಮಸುಕು ಉಳಿಯಿತು. ಕಾರಣ, ಹಳೇ ಫಿಲಂ ರಟ್ಟಿನೊಳಗೇ ಹಪ್ಪಳದ ಹಾಗೆ ಬಾಗಿರುತ್ತೆ. ನಡುವೆ ಸರಿಹೋದರೆ ಅಂಚು ತಪ್ಪುತ್ತೆ. ಧೈರ್ಯವಿದ್ದವರು ರಟ್ಟು ಬಿಚ್ಚಿ ಫಿಲಂ ಹೊರತೆಗೆದು ಗಾಜಿನ ಒತ್ತಿನಲ್ಲಿ ಚಪ್ಪಟೆ ಮಾಡುತ್ತಾರೆ. ಮಾಮೂಲಿ ಗಾಜಾದರೆ ಕಾಮನಬಿಲ್ಲಿನಂಥ ಉಂಗುರ ಮೂಡುತ್ತೆ, ನ್ಯೂಟನ್ ಉಂಗುರ ಅಂತಾರೆ. ಅದಕ್ಕೆಂದೇ ಮಾಡಿದ ಗಾಜು ಸಿಗುತ್ತೆ. ನಾನು ಬಿಚ್ಚಲಿಲ್ಲ. ರಟ್ಟಿನ ಮೇಲೆ ಯಜಮಾನರ ಕೈಬರಹದಲ್ಲಿ ತಾರೀಖುಗಳಿವೆ.

ಇನ್ನೊಂದು ಮೋಸ ಕೇಳಿ. ಡಬ್ಬದ ಮೇಲೆ 6400 ಡಿಪಿಐ ಅಂತ ದೊಡ್ಡಕ್ಷರ! ಮನೆಬಳಕೆಯ ಫ್ಲಾಟ್‌ಬೆಡ್ ನಿಜವಾಗಿ ಹಿಡಿಯುವ ವಿವರ ಅದರ ಅರ್ಧವೂ ಇಲ್ಲ. ಬಾಕಿಯೆಲ್ಲ ಫೈಲು ಊದುವುದಷ್ಟೇ. 2400ರಲ್ಲಿ ಮಾಡಿದರೆ ಅಗಲಕ್ಕೆ ಸುಮಾರು 3400 ಚುಕ್ಕಿ ಬರುತ್ತೆ. 300ರಂತೆ ಅಚ್ಚು ಹಾಕಿದರೆ ಹನ್ನೊಂದಂಗುಲ ದಾಟುತ್ತೆ. ಮುಖಪುಟಕ್ಕೆ ಇನ್ನೇನು ಬೇಕು? ಸ್ಕ್ಯಾನರಿನದೇ ಶಾರ್ಪ್‌ನೆಸ್ ಗುಂಡಿ ಮುಚ್ಚಿಡಿ, ಕೊನೆಗೆ ಕಂಪ್ಯೂಟರಿನಲ್ಲಿ ಹಿತಮಿತವಾಗಿ ಕೊಟ್ಟುಕೊಳ್ಳಿ. ಧೂಳನ್ನು ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತೆ. ರಬ್ಬರಿನ ಗಾಳಿಬುರುಡೆ ಸಾಕು. ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಅಳಿಸುವ ಸೌಲಭ್ಯವಿದ್ದರೆ ಒಳ್ಳೆಯದೇ, ಆದರೆ ರಟ್ಟಿನ ಮೇಲೆ 'ಕೊಡಾಕ್ರೋಮ್' ಅಂತಿದ್ದರೆ ಅದನ್ನು ನಂಬಬೇಡಿ. ಧೂಳಿನ ಜೊತೆ ಚಿತ್ರದ ವಿವರವನ್ನೂ ಅಳಿಸಿಬಿಡಬಹುದು. ಆ ಫಿಲಂ ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದಲ್ಲಿ 2010ರ ಕೊನೆಗೆ ಆ ಕೆಲಸ ನಿಲ್ಲಿಸಿತು. ಕೈಯಲ್ಲಿರುವುದು ಹಾಳಾದರೆ ಮತ್ತೆ ಹುಟ್ಟುವುದಿಲ್ಲ.

ಹೊಸ ಪ್ರಿಂಟ್ ತಗೊಂಡು ಹೋದೆ. ಯಜಮಾನರು ಕನ್ನಡಕ ಏರಿಸಿದರು, ಇಳಿಸಿದರು. ಮೂಗುತಿಯ ಹರಳಿನ ಮೇಲೆ ಬೆರಳಿಟ್ಟು ಸುಮ್ಮನಾದರು. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು: "ಲೇ, ಬಾರೇ ಇಲ್ಲಿ! ಟ್ರೈಪಾಡ್ ಇರ್ಲಿಲ್ಲ ಕಣೇ ಅವತ್ತು. ಉಸಿರು ಬಿಗಿಹಿಡಿದು ಒಂದು ಅರವತ್ತರಲ್ಲಿ ಹೊಡೆದದ್ದು!"

ಡಬ್ಬದಲ್ಲಿ ಇನ್ನೂ ಇನ್ನೂರು ಚಿಲ್ಲರೆ ಸ್ಲೈಡುಗಳಿವೆ. ಕೆಲವಕ್ಕೆ ಆಗಲೇ ಬೂಷ್ಟು ಹಿಡಿಯುತ್ತಿದೆ. ಮಳೆಗಾಲ ಶುರುವಾಗುವ ಮುಂಚೆ ಮುಗಿಸಬೇಕು.