ಔಟ್‌ಫೀಲ್ಡರ್: ಕ್ಯಾಚಿಗೆ ಮೊದಲು, ಕ್ಯಾಚಿನ ನಂತರ

ಬೇಸ್‌ಬಾಲ್ ಮೈದಾನದ ಹಿಂಬದಿಯ ಅಷ್ಟಗಲದ ಹುಲ್ಲುಹಾಸನ್ನು ಕಾಯುವವರು ಮೂವರೇ: ಹೋಮ್ ಪ್ಲೇಟ್‌ನಿಂದ ನೋಡಿದಾಗ ಎಡಕ್ಕೆ ಲೆಫ್ಟ್ ಫೀಲ್ಡರ್, ನಡುವೆ ಸೆಂಟರ್ ಫೀಲ್ಡರ್, ಬಲಕ್ಕೆ ರೈಟ್ ಫೀಲ್ಡರ್. ಕೈಗೆ ದೊಡ್ಡ ಚರ್ಮದ ಗ್ಲೌಸ್ ಇರುವಾಗ ಕ್ಯಾಚ್ ಹಿಡಿಯುವುದೇನು ಮಹಾ ಎಂದು ಕ್ರಿಕೆಟ್ ನೋಡಿ ಬೆಳೆದವರಿಗೆ ಅನ್ನಿಸಬಹುದು. ಈ ಜಾಗದ ನಿಜವಾದ ಕಷ್ಟ ಇರುವುದು ಕ್ಯಾಚಿಗೆ ಮೊದಲು ಇಡುವ ಹೆಜ್ಜೆಯಲ್ಲಿ ಮತ್ತು ಕ್ಯಾಚ್ ಆದ ಮೇಲಿನ ಎಸೆತದಲ್ಲಿ.

ಅಕ್ಕಪಕ್ಕಕ್ಕೆ ಹೋಗುವ ಚೆಂಡಿನ ದಾರಿ ಕಣ್ಣಿಗೆ ಬೇಗ ತಿಳಿಯುತ್ತದೆ. ನೇರವಾಗಿ ತನ್ನತ್ತಲೇ ಬರುವ ಚೆಂಡೇ ಸಮಸ್ಯೆ. ಅದು ತಲೆಯ ಮೇಲಿಂದ ಹಾದುಹೋಗುತ್ತದೋ, ಮುಂದೆಯೇ ಬೀಳುತ್ತದೋ ಎಂದು ಮೊದಲ ಕ್ಷಣದಲ್ಲಿ ಹೇಳುವುದು ಕಷ್ಟ. ಇದರ ಲೆಕ್ಕವನ್ನು 1968ರಲ್ಲಿ ಭೌತವಿಜ್ಞಾನಿ ಸೆವಿಲ್ ಚಾಪ್‌ಮನ್ ಬಿಡಿಸಿಟ್ಟರು. ಚೆಂಡು ನೋಟದಲ್ಲಿ ಒಂದೇ ವೇಗದಲ್ಲಿ ಮೇಲೇರುತ್ತಿದ್ದರೆ ನಿಂತ ಜಾಗ ಸರಿಯಾಗಿದೆ. ಏರುವ ವೇಗ ಹೆಚ್ಚುತ್ತಾ ಹೋದರೆ ಹಿಂದಕ್ಕೆ ಓಡಬೇಕು, ಕುಗ್ಗುತ್ತಾ ಬಂದರೆ ಮುಂದಕ್ಕೆ. ಗಾಳಿಯ ತಡೆಯನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೂ ಪಳಗಿದ ಆಟಗಾರನ ಕಣ್ಣು ಮಾಡುವ ಕೆಲಸ ಹೆಚ್ಚುಕಡಿಮೆ ಇದೇ.

ಅನುಮಾನವಿದ್ದರೆ ಮೊದಲ ಹೆಜ್ಜೆ ಹಿಂದಕ್ಕೇ ಇರಲಿ ಎನ್ನುತ್ತಾರೆ ಕೋಚ್‌ಗಳು. ಮುಂದೆ ಬಿದ್ದ ಚೆಂಡಿಗೆ ಸಾಮಾನ್ಯವಾಗಿ ಒಂದು ಬೇಸ್ ಹೋಗುತ್ತದೆ, ತಲೆ ದಾಟಿದ ಚೆಂಡಿಗೆ ಎರಡೋ ಮೂರೋ. ಚೆಂಡು ಬಲ ಹೆಗಲ ಕಡೆಗೆ ಹೋಗುತ್ತಿದ್ದರೆ ಬಲಗಾಲನ್ನು ಹಿಂದಕ್ಕೆ ತೆಗೆದಿಟ್ಟು, ಸೊಂಟ ತಿರುಗಿಸಿ, ಪೂರ್ತಿ ಓಡಬೇಕು. ಮುಖ ಚೆಂಡಿನತ್ತಲೇ ಇಟ್ಟುಕೊಂಡು ಹಿಮ್ಮುಖವಾಗಿ ಹೆಜ್ಜೆ ಹಾಕುವುದು ಹೊಸಬರ ಅಭ್ಯಾಸ. ಹಾಗೆ ಮಾಡಿದರೆ ವೇಗವೂ ಸಿಗದು, ತಲೆ ಕುಲುಕಿ ಚೆಂಡೂ ಕುಣಿದಂತೆ ಕಾಣುತ್ತದೆ. ಗ್ಲೌಸ್ ಚಾಚಿಕೊಂಡು ಓಡುವುದೂ ಬೇಡ. ಕೈ ಬೀಸಿ ಓಡಿ, ಕೊನೆಯ ಗಳಿಗೆಯಲ್ಲಿ ಚಾಚಿದರೆ ಸಾಕು.

ಇಬ್ಬರ ನಡುವೆ ಚೆಂಡು ಎದ್ದರೆ ಸೆಂಟರ್ ಫೀಲ್ಡರ್‌ನ ಕೂಗಿಗೇ ಮೊದಲ ಮಾನ್ಯತೆ. ಅವನು ನನ್ನದು ಎಂದ ಮೇಲೆ ಉಳಿದವರು ಬದಿಗೆ ಸರಿಯಬೇಕು. ಇಬ್ಬರೂ ಪೂರ್ತಿ ವೇಗದಲ್ಲಿ ಓಡಿಬರುವಾಗ ಈ ಶಿಸ್ತು ತಪ್ಪಿದರೆ ಮೂಳೆ ಮುರಿಯುತ್ತದೆ.

ಕ್ರಿಕೆಟ್‌ನಲ್ಲಿ ಕ್ಯಾಚಾದರೆ ಚೆಂಡು ಡೆಡ್. ಇಲ್ಲಿ ಹಾಗಲ್ಲ, ಇನಿಂಗ್ಸಿನ ಮೂರನೇ ಔಟ್ ಆಗದಿದ್ದರೆ, ಕ್ಯಾಚಾದ ಮರುಕ್ಷಣ ಬೇಸ್ ಮೇಲಿರುವ ರನ್ನರ್ ಮುಂದಕ್ಕೆ ಓಡಬಹುದು. ಅದಕ್ಕೇ ಒಳ್ಳೆಯ ಔಟ್‌ಫೀಲ್ಡರ್ ಸಮಯ ಸಿಕ್ಕರೆ ಚೆಂಡಿಗಿಂತ ಒಂದೆರಡು ಹೆಜ್ಜೆ ಹಿಂದೆ ನಿಂತು, ಮುಂದಕ್ಕೆ ಬರುತ್ತಾ ಹಿಡಿಯುತ್ತಾನೆ. ಆ ಓಟದ ಬಲವೆಲ್ಲ ಎಸೆತಕ್ಕೆ ಸೇರುತ್ತದೆ. ಬೆರಳುಗಳನ್ನು ಹೊಲಿಗೆಗೆ ಅಡ್ಡಲಾಗಿ ಹಿಡಿದರೆ ಚೆಂಡು ನೇರ ಹೋಗುತ್ತದೆ.

1954ರ ಸೆಪ್ಟೆಂಬರ್ 29ರಂದು ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್ ಪಂದ್ಯದಲ್ಲಿ ಇದೆಲ್ಲ ಒಟ್ಟಿಗೆ ಕಂಡಿತು. ಎಂಟನೇ ಇನಿಂಗ್ಸ್, ಸ್ಕೋರ್ 2–2, ಎರಡು ಬೇಸ್‌ಗಳಲ್ಲಿ ಕ್ಲೀವ್‌ಲ್ಯಾಂಡ್‌ನ ರನ್ನರ್‌ಗಳು. ವಿಕ್ ವರ್ಟ್ಸ್ ಸೆಂಟರ್ ಫೀಲ್ಡಿನ ಆಳಕ್ಕೆ ಬಾರಿಸಿದರು. ಜೈಂಟ್ಸ್ ತಂಡದ ವಿಲ್ಲಿ ಮೇಸ್ ಪ್ಲೇಟಿಗೆ ಬೆನ್ನು ಹಾಕಿ ಓಡಿ, ಹೆಗಲ ಮೇಲಿಂದ ಇಳಿದ ಚೆಂಡನ್ನು ಹಿಡಿದರು. ಜನ ಇಂದಿಗೂ ಆ ಕ್ಯಾಚನ್ನೇ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದೆನ್ನಿಸುವುದು, ನಿಂತಲ್ಲೇ ಗಿರ್ರನೆ ತಿರುಗಿ ಟೋಪಿ ಹಾರಿಹೋಗುವಂತೆ ಅವರು ಎಸೆದ ಎಸೆತ. ಅಷ್ಟು ಆಳದ ಕ್ಯಾಚಿಗೆ ಎರಡನೇ ಬೇಸಿನಿಂದಲೇ ರನ್ ಬರಬಹುದಿತ್ತು. ಆದರೆ ಅಲ್ಲಿದ್ದ ರನ್ನರ್ ಲ್ಯಾರಿ ಡೋಬಿ ಮೂರನೇ ಬೇಸಿನಲ್ಲೇ ನಿಲ್ಲಬೇಕಾಯಿತು, ಮೊದಲ ಬೇಸಿನ ರನ್ನರ್ ಕದಲಲೇ ಇಲ್ಲ. ಆ ಇನಿಂಗ್ಸಿನಲ್ಲಿ ಕ್ಲೀವ್‌ಲ್ಯಾಂಡ್‌ಗೆ ಒಂದು ರನ್ನೂ ಸಿಗಲಿಲ್ಲ. ಹತ್ತನೇ ಇನಿಂಗ್ಸಿನಲ್ಲಿ ಜೈಂಟ್ಸ್ 5–2ರಿಂದ ಗೆದ್ದಿತು.

ಎಲ್ಲರ ತೋಳೂ ಮೇಸ್ ತೋಳಲ್ಲ. ದೂರ ಹೆಚ್ಚಿದ್ದರೆ ಎಸೆತವನ್ನು ನಡುವೆ ಬಂದು ನಿಲ್ಲುವ ಇನ್‌ಫೀಲ್ಡರ್‌ನ ಎದೆಮಟ್ಟಕ್ಕೆ ಕಳಿಸಬೇಕು, ಅಲ್ಲಿಂದ ಅವನು ಮುಂದಕ್ಕೆ ದಾಟಿಸುತ್ತಾನೆ. ಅವನ ತಲೆಯ ಮೇಲಿಂದ ಹೋದ ಎಸೆತಕ್ಕೆ ಹಿಂದಿನ ರನ್ನರ್‌ಗೂ ಒಂದು ಬೇಸ್ ಬಿಟ್ಟಿಯಾಗಿ ಸಿಗುತ್ತದೆ.