ಗಡಿಯಾರ ಮುಂದಿಟ್ಟರೆ ಹಗಲು ಬೆಳೆದೀತೆ?

ನ್ಯೂಯಾರ್ಕಿನಲ್ಲಿರುವ ಮಗ ಭಾನುವಾರ ಬೆಳಿಗ್ಗೆ ಎದ್ದು, ಅಲ್ಲಿನ 8 ಗಂಟೆಗೆ ಕೋಲಾರದ ಮನೆಗೆ ಫೋನು ಮಾಡುತ್ತಾನೆ ಎನ್ನಿ. ಚಳಿಗಾಲದಲ್ಲಿ ಆಗ ನಮಗೆ ಸಂಜೆ 6:30. ಮಾರ್ಚ್ ತಿಂಗಳ ಎರಡನೇ ಭಾನುವಾರದಿಂದ ಅದೇ ಫೋನು 5:30ಕ್ಕೇ ಬರುತ್ತದೆ! ಅಲ್ಲಿ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟಿರುತ್ತಾರೆ. ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ.

ಇದರಿಂದ ಹಗಲು ಒಂದು ನಿಮಿಷವೂ ಬೆಳೆಯುವುದಿಲ್ಲ. ಬೇಸಿಗೆಯಲ್ಲಿ ಜನ ಮಲಗಿರುವಾಗಲೇ ಬರುವ ಬೆಳಕು ಸಂಜೆಯ ಉಪಯೋಗಕ್ಕೆ ಸಿಗುತ್ತದೆ, ಅಷ್ಟೆ. ನ್ಯೂಯಾರ್ಕಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು 6 ಗಂಟೆಗಳ ಅಂತರ. ಕೋಲಾರದಲ್ಲಿ ಅದು ಒಂದೂವರೆ ಗಂಟೆ ಮಾತ್ರ. ಆದ್ದರಿಂದ ನಮಗೆ ಉಳಿತಾಯ ಕಡಿಮೆ.

ನಮ್ಮ ಗಡಿಯಾರ ಈಗಾಗಲೇ ಸೂರ್ಯನಿಗಿಂತ ಮುಂದಿದೆ ಎಂಬುದು ಬಹಳ ಮಂದಿಗೆ ತಿಳಿಯದು. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನಕ್ಕೆ 82.5 ಡಿಗ್ರಿ ಪೂರ್ವ ರೇಖಾಂಶ ಆಧಾರ. ಕೋಲಾರ ಇರುವುದು ಸುಮಾರು 78.1 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ನಾವು ಸುಮಾರು ಹದಿನೇಳೂವರೆ ನಿಮಿಷ ಹಿಂದೆ. ಸೂರ್ಯ ಮೊದಲು ಮುಳಬಾಗಿಲು, ಆಮೇಲೆ ಶ್ರೀನಿವಾಸಪುರ, ಕೋಲಾರ, ಕೊನೆಗೆ ಮಾಲೂರಿನ ನಡುಹಗಲನ್ನು ಮುಟ್ಟುತ್ತಾನೆ. ಮೊದಲ ಊರಿಗೂ ಕೊನೆಯ ಊರಿಗೂ ಸುಮಾರು 2 ನಿಮಿಷಗಳ ವ್ಯತ್ಯಾಸ. ಊರಿಗೊಂದು ಗಡಿಯಾರ ಇಟ್ಟರೆ ಬಸ್ಸಿನ ವೇಳಾಪಟ್ಟಿಯ ಗತಿಯೇನು?

ಭಾರತವೂ ಈ ಪ್ರಯೋಗ ಮಾಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಗಡಿಯಾರ ಒಂದು ಗಂಟೆ ಮುಂದಿತ್ತು. ಸೂರ್ಯ ಬಹು ಬೇಗ ಹುಟ್ಟುವ ಅಸ್ಸಾಮಿನ ಚಹಾ ತೋಟಗಳಲ್ಲಿ ಬ್ರಿಟಿಷರ ಕಾಲದಿಂದ ಬಂದ 'ಬಾಗಾನ್ ಸಮಯ'ವೂ ಒಂದು ಗಂಟೆ ಮುಂದೆ. ಅಲ್ಲಿಗೆ ಅದು ಒಪ್ಪುತ್ತದೆ. ಇಲ್ಲಿ ವರ್ಷವಿಡೀ ಹಾಗೆ ಮಾಡಿದರೆ, ಜನವರಿಯಲ್ಲಿ 6:45ರ ಸುಮಾರಿಗೆ ಹುಟ್ಟುವ ಸೂರ್ಯ ಗಡಿಯಾರದ ಪ್ರಕಾರ 7:45ಕ್ಕೆ ಹುಟ್ಟುತ್ತಾನೆ. ಏಳು ಗಂಟೆಯ ಟ್ಯೂಷನ್ನಿಗೆ ಹಳ್ಳಿಯಿಂದ ಹೊರಡುವ ಹುಡುಗಿ ಕತ್ತಲಲ್ಲೇ ಬಸ್ಸಿಗೆ ಕಾಯಬೇಕಾಗುತ್ತದೆ. ಪಾಲಕರು ಯೋಚಿಸಬೇಕಾದದ್ದು ಇದನ್ನೇ.

ವಿದ್ಯಾರ್ಥಿಗಳೇ, ಡಿಸೆಂಬರ್ 25ರಂದು ಕೋಲಾರದ ಬಯಲಿನಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ. 11:30ಕ್ಕೆ ಅದರ ನೆರಳನ್ನು ಅಳೆದಿಡಿ. ನೆರಳು ಕುಗ್ಗಿ, ಬೆಳೆದು, ಮತ್ತೆ ಅಷ್ಟೇ ಉದ್ದವಾಗುವುದು 1:05ರ ಸುಮಾರಿಗೆ. ಇವೆರಡರ ನಟ್ಟನಡುವೆ, ಅಂದರೆ 12:17ರ ಹೊತ್ತಿಗೆ, ನಿಮ್ಮ ಊರಿನ ನಿಜವಾದ ಮಧ್ಯಾಹ್ನ. ಕೈಗಡಿಯಾರ ಹೇಳದ ಮಾತನ್ನು ಕೋಲು ಹೇಳುತ್ತದೆ.