ಹನ್ನೆರಡು ಕೆಲಸ, 47 ಕೋಟಿ ದಾರಿ

ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಪುಟ್ಟ ಎಂಜಿನಿಯರಿಂಗ್ ಕಚೇರಿ ಇದೆ ಎಂದುಕೊಳ್ಳಿ. ಇಬ್ಬರು ಸಿವಿಲ್ ಎಂಜಿನಿಯರುಗಳು, ಒಬ್ಬ ಆರ್ಕಿಟೆಕ್ಟ್, ಡ್ರಾಯಿಂಗ್ ಮಾಡುವ ಇಬ್ಬರು ಹುಡುಗರು. ಕೈಯಲ್ಲಿ 12 ಕೆಲಸಗಳಿವೆ: ನಾಲ್ಕು ಮನೆ, ಒಂದು ಕಲ್ಯಾಣ ಮಂಟಪ, ಶಾಲಾ ಕೊಠಡಿ, ಭದ್ರಾವತಿ ಕಡೆಯ ಒಂದು ಚರಂಡಿ ಕಾಮಗಾರಿ, ಹೀಗೆ. ಯಾವುದು ಮೊದಲು, ಯಾವುದು ಆಮೇಲೆ? ಈ 12 ಕೆಲಸಗಳನ್ನು ಒಂದರ ಹಿಂದೊಂದು ಜೋಡಿಸಲು ಇರುವ ದಾರಿಗಳು 47,90,01,600. ನಿಮಿಷಕ್ಕೊಂದರಂತೆ ಹಗಲೂ ರಾತ್ರಿ ಕೂತು ನೋಡಿದರೂ 911 ವರ್ಷ ಹಿಡಿಯುತ್ತದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದ 1117ರಲ್ಲಿ ಎಣಿಸಲು ಕೂತಿದ್ದರೆ ಈಗಷ್ಟೇ ಕೊನೆಯ ಹಂತಕ್ಕೆ ಬರುತ್ತಿದ್ದರು. ಕೆಲಸ 15ಕ್ಕೆ ಏರಿತೋ, ದಾರಿಗಳು 1,30,767 ಕೋಟಿ ದಾಟುತ್ತವೆ.

ಟೆಂಡರಿನ ಲೆಕ್ಕವೂ ಇಂಥದ್ದೇ. ವರ್ಷದಲ್ಲಿ 20 ಟೆಂಡರುಗಳು ಕಣ್ಣಿಗೆ ಬಿದ್ದರೆ, ಯಾವುದಕ್ಕೆ ಹಾಕುವುದು, ಯಾವುದನ್ನು ಬಿಡುವುದು ಎಂಬ ಆಯ್ಕೆಗಳು 10,48,576. ಟೆಂಡರು 30 ಆದರೆ 107 ಕೋಟಿ. ಟೆಂಡರಿನ ಜೊತೆ ಇಡುವ ಠೇವಣಿಗೆ (ಇಎಂಡಿ) ಎಷ್ಟು ಹಣ ಕಟ್ಟಬೇಕು, ಹೊಸ ಎಂಜಿನಿಯರನ್ನು ಈಗ ತೆಗೆದುಕೊಳ್ಳಬೇಕೋ ಮುಂದಿನ ವರ್ಷಕ್ಕೋ, ಮನೆ ಕೆಲಸ ಸಾಕು ಮಾಡಿ ಸರ್ಕಾರಿ ಕೆಲಸಕ್ಕೆ ಹೋಗಬೇಕೋ ಎಂಬುದೆಲ್ಲ ಇದರ ಮೇಲೆ ನಿಂತಿದೆ. ಸಂಸ್ಥೆಯ ದೂರದ ಯೋಜನೆ ಎಂದರೆ ಇದೇ. ಇಷ್ಟು ದಿನ ಇದನ್ನು ಅನುಭವಸ್ಥರು ಅಂದಾಜಿನಲ್ಲಿ ಮಾಡಿಕೊಂಡು ಬಂದರು. 107 ಕೋಟಿಯಲ್ಲಿ ಒಬ್ಬ ಮನುಷ್ಯ ಮನಸ್ಸಿನಲ್ಲಿ ತೂಗಿ ನೋಡುವುದು ನಾಲ್ಕೋ ಐದೋ ಆಯ್ಕೆಗಳನ್ನು ಮಾತ್ರ.

ಬರೀ ಎಣಿಕೆಗೆ ಕೃತಕ ಬುದ್ಧಿಮತ್ತೆ (ಎಐ) ಬೇಕಾಗಿಲ್ಲ, ಒಳ್ಳೆಯ ಲ್ಯಾಪ್‌ಟಾಪ್ ಸಾಕು. ಕಷ್ಟವಿರುವುದು ಒಂದೊಂದು ಆಯ್ಕೆಗೂ ನಿಜವಾಗಿ ಎಷ್ಟು ಖರ್ಚಾಗುತ್ತದೆ, ಎಷ್ಟು ತಿಂಗಳು ಎಳೆಯುತ್ತದೆ ಎಂದು ಮೊದಲೇ ಹೇಳುವುದರಲ್ಲಿ. ಇದರಲ್ಲಿ ಜಗತ್ತೇ ಸೋತಿದೆ. ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಬೆಂಟ್ ಫ್ಲೈವ್‌ಬ್ಯಾರ್ಗ್ 136 ದೇಶಗಳ 16,000ಕ್ಕೂ ಹೆಚ್ಚು ಯೋಜನೆಗಳ ಲೆಕ್ಕ ಕೂಡಿಸಿ 2023ರ ತಮ್ಮ ಪುಸ್ತಕದಲ್ಲಿಟ್ಟರು. ಹೇಳಿದ ಹಣದಲ್ಲಿ, ಹೇಳಿದ ಸಮಯಕ್ಕೆ ಮುಗಿದವು ನೂರಕ್ಕೆ 8.5. ಹಣ, ಸಮಯ, ಕೊಡುತ್ತೇವೆಂದ ಲಾಭ ಮೂರೂ ಕೂಡಿ ಬಂದವು ನೂರಕ್ಕೆ ಅರ್ಧ, ಅಂದರೆ ಸಾವಿರಕ್ಕೆ ಐದು.

ನಮ್ಮ ದೇಶದ ಲೆಕ್ಕ ನೋಡಿ. 150 ಕೋಟಿ ರೂಪಾಯಿಗೆ ಮೇಲ್ಪಟ್ಟ ಮೂಲಸೌಕರ್ಯ ಯೋಜನೆಗಳ ಮೇಲೆ ಕೇಂದ್ರ ಸರ್ಕಾರ ಕಣ್ಣಿಟ್ಟಿರುತ್ತದೆ. 2024ರ ಮಾರ್ಚ್‌ನಲ್ಲಿ ಆ ಪಟ್ಟಿಯಲ್ಲಿದ್ದ 1,873 ಯೋಜನೆಗಳಲ್ಲಿ 779 ತಡವಾಗಿದ್ದವು, 449 ವೆಚ್ಚ ಮೀರಿದ್ದವು. ಮೀರಿದ ಮೊತ್ತ ಐದು ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ, 3,200 ಮೀಟರ್ ರನ್‌ವೇ ಇರುವ ನಮ್ಮ ಕುವೆಂಪು ವಿಮಾನ ನಿಲ್ದಾಣಕ್ಕೆ ಆದ ಖರ್ಚು ಸುಮಾರು 450 ಕೋಟಿ. ಮೀರಿದ ಹಣದಲ್ಲಿ ಅಂಥ 1,100 ನಿಲ್ದಾಣಗಳನ್ನು ಕಟ್ಟಬಹುದಿತ್ತು. ತುಂಗೆಯ ನೀರನ್ನು ಭದ್ರೆಗೆ ಎತ್ತಿ ಬಯಲುಸೀಮೆಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಯ ಅಂದಾಜು 12,340 ಕೋಟಿಯಿಂದ 2020ರಲ್ಲಿ 21,473 ಕೋಟಿಗೆ ಏರಿತು. ಏರಿದ ಭಾಗವೊಂದೇ 20 ಸೋಗಾನೆ ನಿಲ್ದಾಣಗಳಷ್ಟು.

ಫ್ಲೈವ್‌ಬ್ಯಾರ್ಗ್ ಹೇಳುವ ಪರಿಹಾರ ಸರಳ: ನಿಮ್ಮ ಯೋಜನೆ ವಿಶೇಷ ಎಂದುಕೊಳ್ಳಬೇಡಿ, ಅದರಂಥ ಹಳೆಯ ಕೆಲಸಗಳು ನಿಜವಾಗಿ ಹೇಗೆ ಮುಗಿದವೋ ಅಲ್ಲಿಂದ ಅಂದಾಜು ಶುರು ಮಾಡಿ. ಎಐ ಕೆಲಸಕ್ಕೆ ಬರುವುದು ಇಲ್ಲಿ. ಆ ಹಳೆಯ ಕೆಲಸಗಳೆಲ್ಲ ಕಚೇರಿಯ ಬೀರುವಿನಲ್ಲೇ ಇವೆ. ಒಂದು ಫೈಲು ಬಿಚ್ಚಿ. ಸರ್ಕಾರಿ ದರಪಟ್ಟಿಯ (ಎಸ್‌ಆರ್) ದರ ಹಾಕಿದ ಎಸ್ಟಿಮೇಟು, ಅಳತೆ ಪುಸ್ತಕದ ಪುಟಗಳು, ಕೆಲಸ ನಡೆಯುವಾಗಿನ ಆರ್‌ಎ ಬಿಲ್ಲುಗಳು, ಕೊನೆಗೆ ಫೈನಲ್ ಬಿಲ್ಲು. ಐದು ಅಡಿ ಎಂದುಕೊಂಡ ಪಾಯ ಗಟ್ಟಿ ನೆಲ ಸಿಗದೆ ಎಂಟು ಅಡಿಗೆ ಇಳಿದದ್ದು, ಜೂನ್‌ನಲ್ಲಿ ಮಳೆ ಹಿಡಿದು ಮಣ್ಣು ಕೆಲಸ ನಿಂತದ್ದು, ಮರಳು ಸಿಗದೆ ಮೇಸ್ತ್ರಿ ಕಾದದ್ದು, ಬಿಲ್ಲು ಪಾಸಾಗದೆ ಮುಂದಿನ ಕೆಲಸ ತಡವಾದದ್ದು ಎಲ್ಲವೂ ಅಲ್ಲೇ ಬರೆದಿದೆ. ವರ್ಷಕ್ಕೆ 10 ಕೆಲಸದಂತೆ 20 ವರ್ಷಕ್ಕೆ 200 ಕೆಲಸ. ಒಂದೊಂದು ಬಿಲ್ಲಿನಲ್ಲಿ 60 ಐಟಂ ಎಂದರೆ 12,000 ಸಾಲು. ಪುಟ್ಟ ಕಚೇರಿಯೊಂದರ ಬೀರುವಿನಲ್ಲಿ ಇಷ್ಟು ಅನುಭವ ಧೂಳು ತಿನ್ನುತ್ತಿದೆ. ಯಾವ ಬಗೆಯ ಕೆಲಸ ನಮ್ಮ ಕೈಯಲ್ಲಿ ಎಷ್ಟು ಎಳೆಯುತ್ತದೆ, ಯಾವುದರಲ್ಲಿ ಹಣ ಉಳಿಯುತ್ತದೆ ಎಂಬ ಜಾಡನ್ನು ಈ ಸಾಲುಗಳಲ್ಲಿ ಹುಡುಕುವುದು ಯಂತ್ರಕ್ಕೆ ಸುಲಭ.

ಹುಡುಕಿ ಕೊಟ್ಟದ್ದನ್ನು ಹಾಗೇ ನಂಬುವಂತಿಲ್ಲ. ಮಾತನಾಡುವ ಎಐ ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. 450 ಕೋಟಿಯ ಎಸ್ಟಿಮೇಟಿನಲ್ಲಿ ನೂರಕ್ಕೆ ಎರಡು ತಪ್ಪಿದರೆ 9 ಕೋಟಿ ಹೋಯಿತು. ಡ್ರಾಯಿಂಗಿನ ಕೆಳಗೆ ಬೀಳುವುದು ಎಂಜಿನಿಯರ್ ಸಹಿ. ಜವಾಬ್ದಾರಿಯೂ ಅವರದೇ.

ಇಲ್ಲಿಂದ ಅನತಿ ದೂರದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತಿದ್ದ ವಿಶ್ವೇಶ್ವರಯ್ಯನವರು 1934ರಲ್ಲಿ ದೇಶಕ್ಕೊಂದು ಆರ್ಥಿಕ ಯೋಜನೆ ಬರೆದಾಗ ಅಂಕಿಅಂಶಗಳನ್ನೇ ಮುಂದಿಟ್ಟುಕೊಂಡರು. ನಾವೂ ಅಂಕಿಅಂಶಗಳಿಂದಲೇ ಶುರು ಮಾಡಬೇಕು. ದುಬಾರಿ ಸಾಫ್ಟ್‌ವೇರ್ ಆಮೇಲೆ ಕೊಳ್ಳೋಣ. ಮಳೆಗಾಲದಲ್ಲಿ ಸೈಟಿನ ಕೆಲಸ ಕಡಿಮೆ ಇರುವಾಗ ಒಬ್ಬರನ್ನು ಬೀರುವಿನ ಮುಂದೆ ಕೂರಿಸಿ. ಒಂದೊಂದು ಕೆಲಸಕ್ಕೂ ನಾಲ್ಕು ಸಂಖ್ಯೆ ಸಾಕು: ಅಂದಾಜು ಹಣ, ಆದ ಹಣ, ಹೇಳಿದ ತಿಂಗಳು, ಹಿಡಿದ ತಿಂಗಳು. 200 ಕೆಲಸಕ್ಕೆ 800 ಸಂಖ್ಯೆ. ಈ 800 ಇಲ್ಲದಿದ್ದರೆ ಎಷ್ಟು ದೊಡ್ಡ ಎಐ ತಂದರೂ ನಿಮ್ಮ ಕಚೇರಿಯ ಬಗ್ಗೆ ಅದಕ್ಕೇನೂ ಗೊತ್ತಿರುವುದಿಲ್ಲ. ಈ ಮಳೆಗಾಲದಲ್ಲೇ ಬರೆದಿಡಿ.